ತಿಪ್ಪವ್ವನ ಹಾಡಿಗೊಂದು ಪ್ರತಿ

ವರದಾ ನದಿಯ ದಂಡೆಯ ಮೇಲೆ ಮಹಾಂತಯ್ಯ ಎಂಬ ಗುರುಗಳ ಆಶ್ರಮವಿತ್ತು. ಅವರಿಗೆ ಬಸಲಿಂಗ ಎಂಬ ಶಿಷ್ಯನಿದ್ದ. ಬಸಲಿಂಗನಿಗೆ ಒಂದು ಲ್ಯಾಪ್‌ಟಾಪ್ ಇತ್ತು. ಈ ಮೂವರಲ್ಲಿ ಯಾರ ಮಾತನ್ನು ಯಾರು ಕೇಳುತ್ತಿದ್ದರೆಂದು ಹೇಳುವುದು ಕಷ್ಟ.

ಸುತ್ತಲಿನ ಹಳ್ಳಿಗಳ ಮುದುಕಿಯರು ಬೀಸುತ್ತ, ಕಳೆ ತೆಗೆಯುತ್ತ ಹೇಳುತ್ತಿದ್ದ ತತ್ವಪದಗಳನ್ನು ಗುರುಗಳು ಊರೂರು ತಿರುಗಿ ಹಾಡಿಸಿ, ಅವರ ದನಿಯನ್ನು ಹಿಡಿದಿಟ್ಟಿದ್ದರು. ಹಾಡಿದವರಲ್ಲಿ ಬಹಳ ಮಂದಿ ತೀರಿಹೋಗಿದ್ದರು. ಆಚೆ ದಂಡೆಯ ತಿಪ್ಪವ್ವ ಹಾಡಿದ ಪದವಂತೂ ಬೇರೆ ಯಾರ ಬಾಯಲ್ಲೂ ಇರಲಿಲ್ಲ. ಅವೆಲ್ಲ ಈಗ ಬಸಲಿಂಗನ ಲ್ಯಾಪ್‌ಟಾಪಿನಲ್ಲಿದ್ದವು.

ಇದಕ್ಕೇನಾದರೂ ಆದರೆ ಗತಿಯೇನು ಎಂದು ಒಂದು ದಿನ ಗುರುಗಳು ಕೇಳಿದರು.

“ಇನ್ನೊಂದು ಪ್ರತಿ ಮಾಡಿಟ್ಟಿದ್ದೇನೆ ಗುರುಗಳೇ.”

“ಎಲ್ಲಿಟ್ಟಿದ್ದೀಯ?”

“ಇದರೊಳಗೇ. ಪಕ್ಕದ ಫೋಲ್ಡರಿನಲ್ಲಿ.”

ಗುರುಗಳು ಎದ್ದು ಉಗ್ರಾಣದ ಕಡೆಗೆ ಹೋದರು.

ಅಡುಗೆಯ ಹೊತ್ತಾಯಿತು. ಬಸಲಿಂಗ ಅಕ್ಕಿ ತರಲು ಹೋದರೆ ಉಗ್ರಾಣಕ್ಕೆ ಬೀಗ ಬಿದ್ದಿತ್ತು. ಗೂಟದಲ್ಲಿ ಕೀಲಿ ಇರಲಿಲ್ಲ. ಗುರುಗಳನ್ನು ಕೇಳಿದ.

“ಎರಡು ಕೀಲಿಗಳಿವೆಯಲ್ಲ. ಒಂದು ಕಳೆದರೆ ಇರಲಿ ಅಂತ ಇನ್ನೊಂದು. ಎರಡನ್ನೂ ಭದ್ರವಾಗಿ ಇಟ್ಟಿದ್ದೇನೆ.”

“ಎಲ್ಲಿ?”

“ಉಗ್ರಾಣದ ಒಳಗೆ.”

ಒತ್ತಿದರೆ ತಾನೇ ಬೀಳುವ ಬೀಗ ಅದು. ಬಸಲಿಂಗ ಸೂರು ಹತ್ತಿ, ಹೆಂಚು ತೆಗೆದು, ಅಕ್ಕಿಯ ಕಣಜದೊಳಗೆ ಸೊಂಟದವರೆಗೆ ಇಳಿದ. ಇಳಿಯುವಾಗಲೇ ಅವನಿಗೆ ವಿಷಯ ಹೊಳೆಯಿತು. ಆದರೆ ಹೊಳೆದದ್ದನ್ನು ಹೇಳಲು ಅಲ್ಲಿ ಇಲಿಯ ಹೊರತು ಯಾರೂ ಇರಲಿಲ್ಲ.

ಮರುದಿನವೇ ಪೇಟೆಗೆ ಹೋಗಿ ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕ್ ತಂದ. ಪರದೆಯ ಮೇಲೆ ಹಾಡುಗಳ ಹೆಸರು ಹೊತ್ತು ಸಾಲಾಗಿ ಕೂತಿದ್ದ ಪುಟ್ಟ ಚಿತ್ರಗಳನ್ನೆಲ್ಲ ಒಂದೂ ಬಿಡದೆ ಆರಿಸಿ ಅದಕ್ಕೆ ಎಳೆದು ಹಾಕಿದ. ಇಷ್ಟೊಂದು ಹಾಡುಗಳು ಕಣ್ಣು ಮಿಟುಕಿಸುವುದರೊಳಗೆ ದಾಟಿಹೋದದ್ದು ಅವನಿಗೇ ಸೋಜಿಗವಾಯಿತು. ಗುರುಕೃಪೆ ಅಂದುಕೊಂಡ.

ಗುರುಗಳಿಗೆ ಕಂಪ್ಯೂಟರಿನ ಗಂಧವೂ ಇರಲಿಲ್ಲ. ಅವರು ಲ್ಯಾಪ್‌ಟಾಪನ್ನು ಎತ್ತಿ ತಮ್ಮ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಮೇಲೆ ತಾವೇ ಕೂತರು.

“ಇದು ಹೊಳೆಗೆ ಬಿತ್ತು ಅಂತ ತಿಳಿ. ಈಗ ನನಗೆ ತಿಪ್ಪವ್ವನ ಪದ ಕೇಳಿಸು.”

ಅದೇನು ಮಹಾ ಎಂದು ಬಸಲಿಂಗ ಡಿಸ್ಕ್ ಹಿಡಿದು ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋದ. ಅಂಗಡಿಯ ಶಕೀಲಾ ಅದನ್ನು ತನ್ನ ಯಂತ್ರಕ್ಕೆ ಜೋಡಿಸಿದಳು. ತಿಪ್ಪವ್ವನ ಹೆಸರಿತ್ತು. ಒತ್ತಿದರೆ ಹಾಡು ಬರಲಿಲ್ಲ. ಇನ್ನೊಂದನ್ನು ಒತ್ತಿದರೆ ಅದೂ ಇಲ್ಲ. ಶಕೀಲಾ ಕನ್ನಡಕ ಏರಿಸಿ ನೋಡಿ, ಪ್ರತಿ ಚಿತ್ರದ ಮೂಲೆಯಲ್ಲೂ ಇದ್ದ ಪುಟ್ಟ ಬಾಣದ ಗುರುತು ತೋರಿಸಿದಳು. ಇವು ಹಾಡುಗಳಲ್ಲ, ಹಾಡು ಇರುವ ಜಾಗಕ್ಕೆ ದಾರಿ ತೋರಿಸುವ ಬಾಣಗಳು ಅಷ್ಟೇ, ಹಾಡು ಇದ್ದಲ್ಲೇ ಇದೆ ಅಂದಳು.

ಬಸಲಿಂಗ ಮುಖ ಸಣ್ಣದು ಮಾಡಿಕೊಂಡು ಮರಳಿದ. ಗುರುಗಳು ಇನ್ನೂ ಪೆಟ್ಟಿಗೆಯ ಮೇಲೇ ಕೂತಿದ್ದರು. ಅವನು ನಡೆದದ್ದನ್ನೆಲ್ಲ ಹೇಳಿದ.

“ಹಾಗಾದರೆ ಊರಿಗೆ ಹೋಗುವ ಬದಲು ಊರಿನ ಕೈಮರ ಕಿತ್ತು ತಂದಿದ್ದೀಯ.”

“ಹೌದು ಗುರುಗಳೇ.”

“ಚಿಂತಿಸಬೇಡ. ನಾನೂ ಶಾಸ್ತ್ರ ಓದುವಾಗ ಬಹಳ ಕಾಲ ಅದನ್ನೇ ಮಾಡಿದೆ.”

ಈ ಸಲ ಬಸಲಿಂಗ ಶಕೀಲಾಳನ್ನೇ ಕೇಳಿ ಕಲಿತ. ಹಾಡುಗಳನ್ನಷ್ಟೇ ಅಲ್ಲ, ಇಡೀ ಯಂತ್ರವನ್ನೇ, ಅದರ ಬುದ್ಧಿ ಅಭ್ಯಾಸಗಳ ಸಮೇತ, ಅಚ್ಚೊತ್ತಿದ ಹಾಗೆ ಡಿಸ್ಕಿಗೆ ಇಳಿಸಿದ. ಅದಕ್ಕೆ ಅರ್ಧ ದಿನ ಹಿಡಿಯಿತು. ತಡವಾದಷ್ಟೂ ಅವನಿಗೆ ನಂಬಿಕೆ ಬಂತು. ಸತ್ತ ಯಂತ್ರವನ್ನು ಎಬ್ಬಿಸಲು ಬೇಕಾದ ಒಂದು ಪೆನ್‌ಡ್ರೈವನ್ನೂ ಸಿದ್ಧ ಮಾಡಿ ಡಿಸ್ಕಿಗೇ ಕಟ್ಟಿದ. ಕಟ್ಟಿದ್ದನ್ನು ಆಶ್ರಮದಲ್ಲಿ ಇಟ್ಟುಕೊಳ್ಳದೆ, ತೆಪ್ಪದಲ್ಲಿ ಆಚೆ ದಂಡೆಗೆ ಒಯ್ದು ತಿಪ್ಪವ್ವನ ಮಗಳು ಹೊನ್ನವ್ವನ ಕೈಗೆ ಕೊಟ್ಟ. ಇದರಲ್ಲಿ ನಿಮ್ಮವ್ವ ಇದ್ದಾಳೆ, ಜೋಪಾನ, ಅಂದ.

ಅವನ ಮಾತನ್ನು ಹೊನ್ನವ್ವ ಅಕ್ಷರಶಃ ತೆಗೆದುಕೊಂಡಳು. ಡಿಸ್ಕನ್ನು ದೇವರ ಜಗುಲಿಯ ಮೇಲಿಟ್ಟು, ದಿನಾ ವಿಭೂತಿ ಹಚ್ಚಿದಳು. ನೀರು ಚಿಮುಕಿಸಲು ಹೋದವಳನ್ನು ಗಂಡ ತಡೆದನಂತೆ.

ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ಬಸಲಿಂಗ ಒಂದು ಪದವನ್ನು ಬೆರಳಚ್ಚು ಮಾಡುತ್ತಿದ್ದ. ಅಕ್ಷರ ಸರಿಯಿದೆಯೇ ನೋಡಲು ಗುರುಗಳು ಅವನ ಭುಜದ ಮೇಲಿಂದ ಬಗ್ಗಿದರು. ಅವರ ಕೈಯಲ್ಲಿ ಮಜ್ಜಿಗೆಯ ಲೋಟ ಇತ್ತು. ಮರುಗಳಿಗೆಗೆ ಮಜ್ಜಿಗೆಯಷ್ಟೂ ಲ್ಯಾಪ್‌ಟಾಪಿನ ಮೇಲಿತ್ತು. ಪರದೆ ಒಮ್ಮೆ ಮಿಣುಕಿ ಕಪ್ಪಾಯಿತು.

ಬಸಲಿಂಗ ಅಲುಗಾಡದೆ ಕೂತ. ಗುರುಗಳ ನಡೆಯಲ್ಲಿ ಅರ್ಥವಿಲ್ಲದ್ದು ಯಾವುದೂ ಇಲ್ಲವೆಂದು ಅವನು ಇಷ್ಟರಲ್ಲಿ ಕಲಿತಿದ್ದ. ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದ. ಅರ್ಥ ಸಿಗಲಿಲ್ಲ. ಕೈಮುಗಿದು, ಇದು ಯಾವ ಪಾಠ ಎಂದು ಕೇಳಿದ.

“ಪಾಠ ಅಲ್ಲಪ್ಪ,” ಅಂದರು ಗುರುಗಳು. “ಕೈ ಜಾರಿತು.”

ಅವರ ಮುಖ ಬಿಳಿಚಿತ್ತು. ಹೆಗಲ ಮೇಲಿನ ವಸ್ತ್ರದಿಂದ ಕೀಲಿಮಣೆಯನ್ನು ಒರೆಸಿದರು, ಮತ್ತೆ ಮತ್ತೆ ಒರೆಸಿದರು. ಅವರು ಹೆದರಿದ್ದನ್ನು ಬಸಲಿಂಗ ಕಂಡದ್ದು ಅದೇ ಮೊದಲು. ಅವನಿಗೆ ಯಂತ್ರ ಹೋದದ್ದಕ್ಕಿಂತ ಅದರಿಂದಲೇ ಹೆಚ್ಚು ನೋವಾಯಿತು.

ಶಕೀಲಾ ಕೀಲಿಮಣೆಯನ್ನೂ ಒಳಗಿನ ಹಾರ್ಡ್ ಡಿಸ್ಕನ್ನೂ ಬದಲಿಸಿಕೊಟ್ಟಳು. ಹಳೆಯದರಲ್ಲಿ ಏನೂ ಉಳಿದಿಲ್ಲ, ಹೊಸದರಲ್ಲಿ ಏನೂ ಇಲ್ಲ ಅಂದಳು. ಸುದ್ದಿ ಮುಟ್ಟಿದ ಕೂಡಲೇ ಹೊನ್ನವ್ವ ತೆಪ್ಪ ಹತ್ತಿ ಬಂದಳು. ಡಿಸ್ಕನ್ನು ಹಸುಗೂಸಿನಂತೆ ಸೆರಗಿನಲ್ಲಿ ಸುತ್ತಿ ತಂದಿದ್ದಳು. ಬಸಲಿಂಗ ವಿಭೂತಿ ಒರೆಸಿ, ಅದನ್ನೂ ಪೆನ್‌ಡ್ರೈವನ್ನೂ ಜೋಡಿಸಿ ಕಾದ. ಗುರುಗಳು ಗೋಡೆಗೆ ಒರಗಿ ಕೂತರು. ಈ ಸಲ ಅವರ ಕೈಯಲ್ಲಿ ಲೋಟ ಇರಲಿಲ್ಲ.

ಹೊತ್ತು ಇಳಿಯುವಾಗ ಯಂತ್ರ ಎಚ್ಚೆತ್ತಿತು. ಪ್ರತಿ ಮಾಡಿದ ದಿನ ಇದ್ದದ್ದೆಲ್ಲ ಇಟ್ಟಲ್ಲೇ ಇತ್ತು. ಬಸಲಿಂಗ ತಿಪ್ಪವ್ವನ ಹೆಸರನ್ನು ಒತ್ತಿದ.

ಮೊದಲು ಕೆಮ್ಮು ಕೇಳಿಸಿತು. ಆಮೇಲೆ ಹಾಡು. ಗುರು ಬಂದು ಕದ ತಟ್ಟಿದಾಗ ಮನೆಯೊಡತಿ ನಿದ್ದೆಯಲ್ಲಿದ್ದಳು ಎಂಬ ಪದ ಅದು. ಎರಡನೇ ನುಡಿಯ ನಡುವೆ ತಿಪ್ಪವ್ವ ಹಾಡು ನಿಲ್ಲಿಸಿ, ಹೊನ್ನಿ, ಆ ಕೋಳಿ ಒಳಗ ಬಂತು ನೋಡ, ಓಡಸ ಅದನ್ನ, ಎಂದು ಗದರಿದಳು.

ಗುರುಗಳ ಮುಂದೆ ಕೂತಿದ್ದ ಹೊನ್ನವ್ವ ತಟ್ಟನೆ ಎದ್ದು ನಿಂತಳು. ಕೋಳಿ ಎಲ್ಲೂ ಇರಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ನಗುತ್ತಲೇ ಅತ್ತಳು.

ಅವಳನ್ನು ತೆಪ್ಪ ಹತ್ತಿಸಿದ ಮೇಲೆ ಗುರು ಶಿಷ್ಯರಿಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತರು. ಬಸಲಿಂಗನಿಗೆ ಹೆಮ್ಮೆ ತಡೆಯಲಾಗಲಿಲ್ಲ. ಇನ್ನು ಯಾವ ಕೇಡು ಬಂದರೂ ಯಂತ್ರವನ್ನು ಪ್ರತಿ ಮಾಡಿಟ್ಟ ದಿನಕ್ಕೆ ಮರಳಿಸಬಲ್ಲೆ ಅಂದ. ಆಮೇಲೆ ಕೇಳಿದ.

“ಗುರುಗಳೇ, ಮನುಷ್ಯರನ್ನೂ ಹೀಗೆ ಮರಳಿಸುವಂತಿದ್ದರೆ ನೀವು ಯಾವ ದಿನಕ್ಕೆ ಹೋಗುತ್ತಿದ್ದಿರಿ?”

ಗುರುಗಳು ಯೋಚಿಸಲೇ ಇಲ್ಲ.

“ನೀನು ಆಶ್ರಮಕ್ಕೆ ಬಂದೆಯಲ್ಲ, ಅದರ ಹಿಂದಿನ ದಿನಕ್ಕೆ.”

ಬಸಲಿಂಗ ತಲೆ ತಗ್ಗಿಸಿದ. ತಾನು ಒಡೆದದ್ದು, ಚೆಲ್ಲಿದ್ದು, ಮರೆತದ್ದು ಎಲ್ಲ ಅವನ ಕಣ್ಣ ಮುಂದೆ ಬಂತು. ಗುರುಗಳು ನಿಧಾನವಾಗಿ ಕಾಲು ತೊಳೆದುಕೊಂಡು ಮೇಲೆದ್ದರು.

“ಮಾರನೇ ದಿನ ನೀನು ಬಂದು ಕೂಗಿದಾಗ, ಅವತ್ತಿನಂತೆ ಹೊರಗೆ ಕಾಯಿಸದೆ, ಈ ಸಲ ಬೇಗ ಬಾಗಿಲು ತೆಗೆಯುತ್ತಿದ್ದೆ.”