ಬೋಣಿಯಾಗದ ಅಂಗಡಿ

"ಬುದ್ಧಿ, ಕಾಲವೇ ಅಡ್ಡ ಬಂದು ಒಂದು ಕೆಲಸ ನಿಂತುಹೋದರೆ, ಅದರಿಂದಾದ ಕೇಡು ಮನುಷ್ಯನ ತಪ್ಪಾಗುತ್ತದೆಯೇ?" ಎಂದು ಶಿಷ್ಯ ಚನ್ನಮಲ್ಲ ಕೇಳಿದ.

ಮಠದ ಸ್ವಾಮಿಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಯಾವ ಕಾಲ?"

"ರೋಗ ಬಂದು ಎಲ್ಲವನ್ನೂ ಮುಚ್ಚಿಸಿದ್ದರಲ್ಲ ಬುದ್ಧಿ, ಆ ಕಾಲ. ಆಗಬೇಕಾದ್ದು ಎಷ್ಟೋ ಆಗ ಆಗಲಿಲ್ಲ. ಎಲ್ಲರೂ ಕಾಲವನ್ನೇ ಬೈಯುತ್ತಾರೆ. ನಾನೂ ಬೈಯುತ್ತೇನೆ."

"ಬೈಯಪ್ಪ, ಬೈ. ಕಾಲ ತಿರುಗಿ ಬೈಯುವುದಿಲ್ಲ, ಅದೊಂದು ಅನುಕೂಲ," ಎಂದರು ಸ್ವಾಮಿಗಳು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಚನ್ನಮಲ್ಲ ಕೂತ. ಸ್ವಾಮಿಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದಿನಸಿ ವ್ಯಾಪಾರಿ ಇದ್ದ. ಹೆಸರು ಕೇಳಬೇಡ, ಹೇಳಿದರೆ ನಾಳೆಯೇ ಹೋಗಿ ಅವನ ಮುಖ ನೋಡಿಕೊಂಡು ಬರುತ್ತೀಯ. ಅವನ ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ಒಬ್ಬ ಹೂವಿನವಳು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಬೆಳಿಗ್ಗೆ ವ್ಯಾಪಾರಿ ಬಾಗಿಲು ತೆಗೆದು ದೀಪ ಹಚ್ಚಿದ ಕೂಡಲೇ ಅವಳು ದೇವರ ಪಟಕ್ಕೆ ಒಂದು ಮೊಳ ಹೂವು ಕೊಟ್ಟು, ತನಗೆ ಬೇಕಾದ ಅಕ್ಕಿಯನ್ನೋ ಬೇಳೆಯನ್ನೋ ಕೊಳ್ಳುತ್ತಿದ್ದಳು. ದಿನದ ಮೊದಲ ಮಾರಾಟ ಅವಳಿಗೇ. ವ್ಯಾಪಾರಿ ಆ ಬೋಣಿಯ ದುಡ್ಡನ್ನು ಕಣ್ಣಿಗೆ ಒತ್ತಿಕೊಂಡು ಪೆಟ್ಟಿಗೆಗೆ ಹಾಕುತ್ತಿದ್ದ. ತಾನು ಮೇಲೆ ಬಂದದ್ದು ಅವಳ ಕೈಗುಣದಿಂದ ಎಂದು ಊರಿಗೆಲ್ಲ ಹೇಳುತ್ತಿದ್ದ. ಹಾಗೆ ಹೇಳುವ ವ್ಯಾಪಾರಿಗಳು ಎಷ್ಟು ಜನ ಇದ್ದಾರೆ, ಹೇಳು. ಒಳ್ಳೆಯವನೇ ಅವನು.

ವ್ಯಾಪಾರ ಬೆಳೆಯಿತು. ಪಕ್ಕದ ಮಳಿಗೆಯೂ ಅವನದಾಯಿತು. ಎರಡನ್ನೂ ಸೇರಿಸಿ ಸೂಪರ್ ಮಾರ್ಕೆಟ್ ಮಾಡಬೇಕೆಂದು ಆಸೆ ಹುಟ್ಟಿತು. ಗಾಜಿನ ಬಾಗಿಲು ಇರಬೇಕು, ಒಳಗೆ ತಣ್ಣಗಿರಬೇಕು, ಜನ ಓಡಾಡಿಕೊಂಡು ಬೇಕಾದ್ದನ್ನು ತಾವೇ ತೆಗೆದುಕೊಳ್ಳಬೇಕು. ಆಸೆ ತಪ್ಪೆಂದು ನಾನು ಹೇಳುತ್ತಿಲ್ಲ. ನಾನು ಹಾಗೆ ಹೇಳಿದೆನೆಂದು ಊರಲ್ಲಿ ಹೋಗಿ ಹೇಳಬೇಡ.

ಒಳ್ಳೆಯ ದಿನ ನೋಡಿ ಅವನು ಹಳೆಯ ಅಂಗಡಿಯಲ್ಲಿ ಕೊನೆಯ ಪೂಜೆ ಮಾಡಿದ. ತಕ್ಕಡಿಗೆ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ ಎತ್ತಿಟ್ಟ. ಆಮೇಲೆ ಹೂವಿನವಳ ಮುಂದೆ ಬಂದು ಕೈ ಮುಗಿದು, "ಅಕ್ಕಾ, ಹೊಸ ಅಂಗಡಿಯ ಬೋಣಿ ನಿಮ್ಮ ಕೈಯಿಂದಲೇ ಆಗಬೇಕು. ಅಲ್ಲಿಯವರೆಗೆ ನಾನು ಒಂದು ಕಾಳೂ ಮಾರುವುದಿಲ್ಲ," ಎಂದ. ಅವಳು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಅಷ್ಟು ದೊಡ್ಡ ಗೌರವ ಅವಳಿಗೆ ಯಾರೂ ಕೊಟ್ಟಿರಲಿಲ್ಲ.

ನಡುಗೋಡೆ ಒಡೆದರು. ನೆಲ ಅಗೆದರು. ಸಾಮಾನೆಲ್ಲ ಹಿಂದಿನ ಗೋದಾಮು ಸೇರಿತು. ಅಷ್ಟರಲ್ಲಿ ರೋಗ ಬಂತು.

ಕಟ್ಟಡದ ಕೆಲಸ ಮಾಡಕೂಡದು ಎಂದು ಆಜ್ಞೆಯಾಯಿತು. ಗಾರೆಯವರು ಗಂಟುಮೂಟೆ ಕಟ್ಟಿಕೊಂಡು ತಮ್ಮ ತಮ್ಮ ಊರಿಗೆ ಹೊರಟರು. ಕೆಲವು ದಿನ ಕಳೆದ ಮೇಲೆ, ಕೆಲಸದವರು ಕಟ್ಟಡದಲ್ಲೇ ಉಳಿದುಕೊಂಡರೆ ಮಾಡಬಹುದು ಎಂದರು. ಉಳಿಯುವುದಕ್ಕೆ ಯಾರಿದ್ದರು? ಹೇಗೋ ಇಬ್ಬರನ್ನು ಹಿಡಿದು ತಂದರೆ ಟೈಲ್ಸ್ ತರುವ ಲಾರಿ ಗಡಿಯಲ್ಲಿ ನಿಂತಿತು. ಲಾರಿ ಬರುವ ಹೊತ್ತಿಗೆ ಬಡಗಿಗೆ ಜ್ವರ. ಬಡಗಿ ಎದ್ದು ಕೂರುವ ಹೊತ್ತಿಗೆ ಮತ್ತೆ ಎಲ್ಲ ನಿಲ್ಲಿಸಿ ಎಂದು ಆಜ್ಞೆ. ವ್ಯಾಪಾರಿ ದಿನವೂ ಹೋಗಿ ಅಗೆದ ನೆಲದ ಮೇಲೆ ನಿಂತು ಬರುತ್ತಿದ್ದ. ಊಟ ಸೇರುತ್ತಿರಲಿಲ್ಲ. ಅವನ ಸಂಕಟ ಸುಳ್ಳಲ್ಲ.

ಆದರೆ ದಿನಸಿ ಮಾರುವುದಕ್ಕೆ ಅಡ್ಡಿ ಇರಲಿಲ್ಲ. ಬೆಳಗಿನ ಹೊತ್ತು ದಿನಸಿ ಅಂಗಡಿ ತೆರೆಯಬಹುದು ಎಂದು ಆಟೋದಲ್ಲಿ ಮೈಕ್ ಕಟ್ಟಿ ಬೀದಿ ಬೀದಿಯಲ್ಲಿ ಕೂಗುತ್ತಿದ್ದರು. ವ್ಯಾಪಾರಿಯ ಹೆಂಡತಿ ಅದನ್ನು ಕೇಳಿಸಿಕೊಂಡಳು.

"ಗೋದಾಮಿನ ತುಂಬ ಅಕ್ಕಿ ಇದೆ ಕಣ್ರೀ. ಹಿಂದಿನ ಬಾಗಿಲು ತೆಗೆದು ನಮ್ಮ ಬೀದಿಯವರಿಗಾದರೂ ಮಾರಬಾರದಾ? ಜನ ಪೇಟೆಯವರೆಗೂ ನಡೆದುಕೊಂಡು ಹೋಗ್ತಿದ್ದಾರೆ."

"ಬೋಣಿ ಆಗದೆ ಮಾರೋದುಂಟಾ?" ಎಂದ ವ್ಯಾಪಾರಿ. "ಹೊಸ ಅಂಗಡಿಗೆ ಆಗಬೇಕಾದ ಬೋಣಿ ಹಿತ್ತಲ ಬಾಗಿಲಲ್ಲಿ ಆದರೆ ಉದ್ಧಾರ ಆದ ಹಾಗೇ. ಸ್ವಲ್ಪ ತಾಳು. ಇವತ್ತೋ ನಾಳೆಯೋ ಕೆಲಸ ಶುರುವಾಗುತ್ತೆ."

ಕೆಲಸ ಶುರುವಾಗಲಿಲ್ಲ.

ಹೂವಿನ ವ್ಯಾಪಾರ ಆಗಲೇ ನೆಲ ಕಚ್ಚಿತ್ತು. ಗುಡಿಗಳಿಗೆ ಬೀಗ, ಮದುವೆಗಳಿಲ್ಲ. ಹೂವಿನವಳು ಕೂಡಿಟ್ಟುಕೊಂಡಿದ್ದ ಚೂರುಪಾರಿನಲ್ಲಿ ದಿನ ತಳ್ಳುತ್ತಿದ್ದಳು. ಅವಳಿಗೆ ಉಬ್ಬಸ. ಸ್ವಲ್ಪ ದೂರ ನಡೆದರೂ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಮನೆಯಲ್ಲಿ ಅಕ್ಕಿ ಮುಗಿದ ದಿನ ಅವಳು ಗೋದಾಮಿನ ಬಾಗಿಲಿಗೆ ಬಂದಳು.

"ಸಾವ್ಕಾರ್ರೇ, ಒಂದೆರಡು ಸೇರು ಅಕ್ಕಿ ಕೊಡಿ. ಪೇಟೆವರೆಗೂ ನಡೆಯೋಕೆ ನನ್ನ ಕೈಲಾಗೋಲ್ಲ. ದುಡ್ಡು ತಂದಿದೀನಿ."

ವ್ಯಾಪಾರಿ ಗಾಬರಿಯಾದ. ಬೇರೆ ಯಾರಾದರೂ ಬಂದು ಅತ್ತುಕೊಂಡು ಕೇಳಿದ್ದರೆ ಮನಸ್ಸು ಕರಗುತ್ತಿತ್ತೋ ಏನೋ. ಅವಳೇ ಬಂದದ್ದರಿಂದ ಅವನಿಗೆ ಭಯವಾಯಿತು. ಆ ಕೈಯಿಂದ ದುಡ್ಡು ಮುಟ್ಟಿದರೆ ಬೋಣಿ ಇಲ್ಲೇ, ಈ ಧೂಳಿನಲ್ಲೇ ಆಗಿಹೋಗುತ್ತದೆ. ಹೋಗಲಿ, ಸುಮ್ಮನೆ ಕೊಡೋಣವೆಂದರೆ, ಬೋಣಿಗೆ ಮೊದಲು ಪುಕ್ಕಟೆಯಾಗಿ ಏನೂ ಹೊರಗೆ ಹೋಗಬಾರದು. ಅದು ಅವನ ಅಪ್ಪನ ಕಾಲದಿಂದ ಬಂದ ನೇಮ. ಮನೆಯ ಡಬ್ಬಿಯಿಂದ ಒಂದು ಪಾವು ತಂದುಕೊಡಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಕೇಳಬೇಕಾದ್ದೇ. ಅವನಿಗೆ ಹೊಳೆಯಲಿಲ್ಲ. ಅವನ ತಲೆಯಲ್ಲಿ ಅಂಗಡಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಅಕ್ಕಾ, ನಿಮ್ಮ ಕೈಗೆ ಇಂಥ ಜಾಗದಲ್ಲಿ ಕೊಡಲಾ?" ಎಂದು ಅವನು ಮತ್ತೆ ಕೈ ಮುಗಿದ. "ಇನ್ನೊಂದು ಸ್ವಲ್ಪ ದಿನ. ಗಾಜಿನ ಬಾಗಿಲು ತಳ್ಳಿಕೊಂಡು ನೀವೇ ಮೊದಲು ಒಳಗೆ ಬರಬೇಕು. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ."

ಅವಳಿಗೆ ಹಸಿವಾಗಿತ್ತು. ಆದರೆ ಕೈ ಮುಗಿದು ನಿಂತವನ ಮುಂದೆ ಏನು ಮಾತಾಡುವುದು? "ಆಗಲಿ ಬಿಡಿ, ನಿಮಗೆ ಒಳ್ಳೇದಾಗಲಿ," ಎಂದು ಹೊರಟುಹೋದಳು. ಥೂ, ಬೈದು ಅಟ್ಟಿದ್ದರೂ ವಾಸಿಯಿತ್ತು. ತಿರುಗಿ ಬೈದು, ರಂಪ ಮಾಡಿ, ಅಕ್ಕಿ ಕಿತ್ತುಕೊಂಡು ಹೋಗುತ್ತಿದ್ದಳು. ಗೌರವ ಕೊಟ್ಟು ಕಳಿಸಿದರೆ ಬಡವರು ಏನು ಮಾಡಬೇಕು?

ಅವಳು ಪೇಟೆಗೆ ನಡೆದೇ ಹೋದಳು. ಬಸ್ಸಿಲ್ಲ, ಆಟೋ ಇಲ್ಲ. ದಾರಿಯುದ್ದಕ್ಕೂ ಕೂತು ಕೂತು ಹೋದಳಂತೆ. ಅಂಗಡಿಯ ಮುಂದೆ ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಆ ನೂಕುನುಗ್ಗಲಿನಲ್ಲಿ ನಿಂತು ಅಕ್ಕಿ ತಂದಳು. ವಾರದೊಳಗೆ ಜ್ವರ ಬಂತು. ಆಸ್ಪತ್ರೆಯ ಗಾಡಿ ಬಂದು ಕರೆದುಕೊಂಡು ಹೋಯಿತು. ಅವಳು ಮತ್ತೆ ಬರಲಿಲ್ಲ, ಅವಳ ಹೆಣವೂ ಬರಲಿಲ್ಲ. ಊರಿಗೆಲ್ಲ ಹೂ ಕಟ್ಟಿ ಕೊಟ್ಟವಳನ್ನು ಯಾರೋ ಗುರುತಿಲ್ಲದವರು ಒಂದು ಹೂವೂ ಇಲ್ಲದೆ ಸುಟ್ಟರು.

ವ್ಯಾಪಾರಿ ಅತ್ತ. ಮಗುವಿನ ಹಾಗೆ ಅತ್ತ. ಆಮೇಲಾದರೂ ಗೋದಾಮು ತೆರೆದನೇ? ಇಲ್ಲ. ಬೋಣಿ ಮಾಡಬೇಕಾದವಳೇ ಹೋದಳಲ್ಲ, ಇನ್ನು ಯಾರ ಕೈಯಿಂದ ಶುರು ಮಾಡುವುದು ಎಂದು ತಲೆಯ ಮೇಲೆ ಕೈ ಹೊತ್ತು ಕೂತ. ಬೀದಿಯ ಜನ ಅವನ ಬಾಗಿಲ ಮುಂದೆಯೇ ಚೀಲ ಹಿಡಿದು ಪೇಟೆಗೆ ನಡೆಯುತ್ತಿದ್ದರು. ಅವರಲ್ಲಿ ಇನ್ನೂ ಕೆಲವರು ಮಲಗಿದರು. ಯಾರಿಗೆ ಎಲ್ಲಿ ಅಂಟಿತೋ, ಹೇಳುವವರಾರು?

ಕಡೆಗೆ ಆಜ್ಞೆ ಸಡಿಲಾಯಿತು. ಕೆಲಸ ಮುಗಿಯಿತು. ಗೋದಾಮು ತೆಗೆದು ನೋಡಿದರೆ ಅಕ್ಕಿಗೆಲ್ಲ ಹುಳು ಹಿಡಿದಿತ್ತು. ಮೂಟೆ ಮೂಟೆ ಹೊತ್ತು ತಿಪ್ಪೆಗೆ ಸುರಿದರು. ಹೊಸ ಅಂಗಡಿಯ ಪೂಜೆಯ ದಿನ ಯಾರೋ ಒಬ್ಬರು ಒಂದು ಅಚ್ಚು ಬೆಲ್ಲ ತೆಗೆದುಕೊಂಡು ನೋಟು ಚಾಚಿದರು. ವ್ಯಾಪಾರಿಯ ಕೈ ಮುಂದೆ ಬರಲಿಲ್ಲ. ಹೆಂಡತಿ ಈಸಿಕೊಂಡು ಪೆಟ್ಟಿಗೆಗೆ ಹಾಕಿದಳು.

ಅಂಗಡಿ ಈಗಲೂ ಇದೆ. ವ್ಯಾಪಾರಕ್ಕೇನೂ ಕಡಿಮೆಯಿಲ್ಲ. ಎಣ್ಣೆಗೋ ಸೋಪಿಗೋ ಬಂದವರನ್ನು ನಿಲ್ಲಿಸಿಕೊಂಡು ಅವನು ಹೇಳುತ್ತಾನೆ: ನನ್ನ ಕೈಯಲ್ಲಿ ಏನಿತ್ತು? ಕೆಲಸ ನಿಲ್ಲಿಸಿದ್ದು ಸರ್ಕಾರ. ಅಂಗಡಿ ಹೊತ್ತಿಗೆ ಸರಿಯಾಗಿ ಮುಗಿದಿದ್ದರೆ ಅವಳು ಬದುಕಿರುತ್ತಿದ್ದಳು. ಯಾರೂ ಕೇಳದಿದ್ದರೂ ಹೇಳುತ್ತಾನೆ. ಜನ ಹೌದು ಹೌದು ಎಂದು ತಲೆಯಾಡಿಸಿ ಹೋಗುತ್ತಾರೆ. ಅವನಿಗೆ ಅದು ಸಾಲದು, ಮುಂದೆ ಬಂದವರಿಗೂ ಹೇಳುತ್ತಾನೆ. ಮೊನ್ನೆ ಇಲ್ಲಿಗೂ ಬಂದು ನನ್ನ ಮುಂದೆ ಅದನ್ನೇ ಹೇಳಿ ಅತ್ತುಹೋದ.

ಸ್ವಾಮಿಗಳು ಕತೆ ನಿಲ್ಲಿಸಿದರು. ಚನ್ನಮಲ್ಲನ ಕಣ್ಣು ಒದ್ದೆಯಾಗಿತ್ತು.

"ಪಾಪ, ಬುದ್ಧಿ. ಅವನು ಹೇಳುವುದೂ ನಿಜವೇ ಅಲ್ಲವೇ? ಆಜ್ಞೆ ಬಂದ ಮೇಲೆ ಅವನಾದರೂ ಏನು ಮಾಡಬಹುದಿತ್ತು?"

"ಸರ್ಕಾರ ನಿಲ್ಲಿಸಿದ್ದು ಗಾರೆ ಕೆಲಸವನ್ನಪ್ಪ, ಅಕ್ಕಿಯನ್ನು ನಿಲ್ಲಿಸಿದ್ದು ಯಾರು?" ಎಂದರು ಸ್ವಾಮಿಗಳು.