ಹಲಗೆಯ ಮೇಲೆ ನತ್ತಿಂಗನ ಹೆಸರು

ಮಕ್ಕಳೇ, ಹೊಳೆ ಹೋಗಿ ಸಮುದ್ರ ಸೇರುವ ಕಡೆ ಒಂದು ಕಾಡಿತ್ತು. ಅದರ ಅಂಚಿಗೆ ಜೌಗು ನೆಲ. ಹಕ್ಕಿ ನೋಡುವ ಜನ ಕುತ್ತಿಗೆಗೆ ದುರ್ಬೀನು ತೂಗುಹಾಕಿಕೊಂಡು ಅಲ್ಲಿಗೆ ಬರುತ್ತಿದ್ದರು. ಅವರನ್ನು ಕರೆದೊಯ್ಯುತ್ತಿದ್ದ ಸುಕ್ರು ಗೌಡರು, ಕಂಡ ಹಕ್ಕಿಗಳ ಹೆಸರನ್ನೆಲ್ಲ ಕಾಡಿನ ಬಾಗಿಲ ಬಳಿಯ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ನೂರ ಹನ್ನೆರಡು ಹೆಸರುಗಳಿದ್ದವು. ಕಾಗೆಯದೂ ಇತ್ತು.

ನತ್ತಿಂಗನದು ಇರಲಿಲ್ಲ.

ನತ್ತಿಂಗ ಅಂದರೆ ತರಗೆಲೆ ಬಣ್ಣದ ಹಕ್ಕಿ. ಹಗಲೆಲ್ಲ ತರಗೆಲೆಗಳ ನಡುವೆ ಕಣ್ಣು ಮುಚ್ಚಿ ಕೂರುತ್ತದೆ. ಗೂಡು ಕಟ್ಟುವ ಗೋಜಿಗೆ ಹೋಗದೆ ನೆಲದಲ್ಲೇ ಮೊಟ್ಟೆ ಇಡುತ್ತದೆ. ಪಕ್ಕದಲ್ಲೇ ನಡೆದು ಹೋದರೂ ನಮಗೆ ಕಾಣುವುದಿಲ್ಲ.

"ಕಾಗೆಯ ಹೆಸರಿದೆ, ನನ್ನದಿಲ್ಲ," ಎಂದು ನಮ್ಮ ನತ್ತಿಂಗ ದಿನವೂ ಕೊರಗುತ್ತಿದ್ದ.

"ಇಲ್ಲದಿರುವುದೇ ಒಳ್ಳೆಯದು ಕಣ್ರೀ," ಎಂದಳು ಎರಡು ಮೊಟ್ಟೆಗಳ ಮೇಲೆ ಕುಳಿತಿದ್ದ ಹೆಂಡತಿ. "ಆ ಮುಂಗುಸಿ ಮೂರು ಸಲ ನಮ್ಮ ಪಕ್ಕದಲ್ಲೇ ಹಾದು ಹೋಯಿತು. ನಾವು ಅದರ ಕಣ್ಣಿಗೆ ಬಿದ್ದಿದ್ದರೆ?"

"ಮುಂಗುಸಿ ಹಲಗೆಯಲ್ಲಿ ಹೆಸರು ಬರೆಯುವುದಿಲ್ಲವಲ್ಲ," ಎಂದ ನತ್ತಿಂಗ.

ಮರುದಿನ ಜನ ಬಂದಾಗ ಅವನು ಕಣ್ಣು ಅಗಲಿಸಿ, ರೆಕ್ಕೆಯನ್ನು ಎರಡು ಸಲ ಬಡಿದ.

"ಅಗೋ ನತ್ತಿಂಗ," ಎಂದರು ಸುಕ್ರು ಗೌಡರು ಮೆಲ್ಲಗೆ.

ಸಂಜೆ ಹಲಗೆಗೆ ನೂರ ಹದಿಮೂರನೆಯ ಹೆಸರು ಬಂತು. ಮರುದಿನ ಇಪ್ಪತ್ತು ಜನ ಬಂದರು, ಅದರ ಮರುದಿನ ನಲವತ್ತು. ಎಲ್ಲರೂ ಸಭ್ಯರೇ. ಯಾರೂ ಗದ್ದಲ ಮಾಡಲಿಲ್ಲ, ಮೊಟ್ಟೆ ಮುಟ್ಟಲಿಲ್ಲ. ಆದರೆ ಅವರು ನಡೆದು ನಡೆದು ತರಗೆಲೆ ಸರಿದು, ನತ್ತಿಂಗನ ಮನೆಯವರೆಗೆ ಕಾಲುದಾರಿಯೊಂದು ಬಿತ್ತು.

"ಆ ದಾರಿ ನೋಡಿದ್ರಾ?" ಎಂದಳು ಹೆಂಡತಿ.

"ನೋಡಿದೆ. ಮಿಂಚುಳ್ಳಿಗೂ ಇಂಥ ದಾರಿಯಿಲ್ಲ."

ನಾಲ್ಕನೆಯ ದಿನ ಆ ದಾರಿಯಲ್ಲಿ ಮುಂಗುಸಿ ಬಂತು.

"ಈ ದಾರಿ ಹೊಸದಲ್ಲವೇ?" ಎಂದು ಕೇಳಿತು.

"ಹೌದು. ನನ್ನನ್ನು ನೋಡಲು ಬರುವವರಿಂದ ಆದದ್ದು," ಎಂದ ನತ್ತಿಂಗ ಕಣ್ಣು ಅಗಲಿಸಿ.

"ನಾನೂ ನೋಡಿಕೊಂಡು ಹೋಗೋಣವೆಂದೇ ಬಂದೆ."

ಮುಂಗುಸಿ ಅವನನ್ನು ನೋಡಿತು. ಹೆಂಡತಿಯನ್ನೂ ನೋಡಿತು. ಆಮೇಲೆ ನೆಗೆಯಿತು. ಗಂಡ ಹೆಂಡತಿ ಹಾರಿ ಕೊಂಬೆ ಸೇರಿದರು. ಮೊಟ್ಟೆಗಳಿಗೆ ಹಾರಲು ಬರುತ್ತಿರಲಿಲ್ಲ.

ಮುಂಗುಸಿ ತಿಂದು ಮುಗಿಸಿ, ಬಂದ ದಾರಿಯಲ್ಲೇ ಹೋಯಿತು. ಹೆಂಡತಿ ಬಿಕ್ಕಿ ಬಿಕ್ಕಿ ಅತ್ತಳು. ನತ್ತಿಂಗನಿಗೆ ತಲೆ ಎತ್ತಿ ಅವಳ ಮುಖ ನೋಡಲಾಗಲಿಲ್ಲ.

ಮುಂದಿನ ವರ್ಷ ಕಾಡಿನ ಇನ್ನೊಂದು ಮೂಲೆಯಲ್ಲಿ ಅವಳು ಮತ್ತೆ ಎರಡು ಮೊಟ್ಟೆ ಇಟ್ಟಳು. ಒಂದು ಬೆಳಿಗ್ಗೆ ಸುಕ್ರು ಗೌಡರ ಚಪ್ಪಲಿ ನತ್ತಿಂಗನ ಕೊಕ್ಕಿನಿಂದ ಗೇಣು ದೂರದಲ್ಲಿ ಬಂದು ನಿಂತಿತು. ನತ್ತಿಂಗ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದ.

"ಈ ವರ್ಷ ನತ್ತಿಂಗ ಇಲ್ಲ. ಹಲಗೆಯಿಂದ ಹೆಸರು ಅಳಿಸಬೇಕು," ಎಂದರು ಗೌಡರು ಜೊತೆಯವರಿಗೆ.

ಚಪ್ಪಲಿ ಮುಂದೆ ಹೋಯಿತು.

"ಕೇಳಿಸಿತಾ?" ಎಂದು ಹೆಂಡತಿ ಪಿಸುಗುಟ್ಟಿದಳು.

"ಕೇಳಿಸಿತು. ಸುಮ್ಮನಿರು, ಅವರಿನ್ನೂ ಇಲ್ಲೇ ಇದ್ದಾರೆ," ಎಂದ ನತ್ತಿಂಗ.

ಆ ತಿಂಗಳು ಎರಡು ಮರಿಗಳು ಹೊರಬಂದವು. ಯಾರೂ ನೋಡಲಿಲ್ಲ.

ನೀತಿ: ಹೆಸರಿನ ಆಸೆಗೆ ಮನೆಯ ದಾರಿ ತೋರಿಸಿದರೆ, ಆ ದಾರಿಯಲ್ಲಿ ಯಾರು ಬರಬೇಕೆಂಬುದು ನಮ್ಮ ಕೈಯಲ್ಲಿರುವುದಿಲ್ಲ.