ನರಿಯ ಬಾಲಕ್ಕೆ ಹೋದ ಗ್ರೀಸು

ಬೇಸಿಗೆ ಬಂದರೆ ಕೆರೆ ಬತ್ತಿಹೋಗುವ ಒಂದು ಕಾಡಿನಲ್ಲಿ ಪ್ರಾಣಿಗಳ ಬಳಿ ಹಳೆಯ ಟ್ರೇಲರ್ ಒಂದಿತ್ತು. ಕಾಡೆಮ್ಮೆ ಅದರಲ್ಲಿ ನೀರಿನ ಡ್ರಮ್ಮು ಹೇರಿ, ದೂರದ ಹೊಳೆಯಿಂದ ಗುಡ್ಡದ ಗವಿಗಳಿಗೆ ಎಳೆದು ತರುತ್ತಿತ್ತು. ಮರಿಗಳೆಲ್ಲ ಆ ನೀರನ್ನೇ ಕಾದು ಕೂತಿರುತ್ತಿದ್ದವು.

ಡ್ರಮ್ಮು ತುಂಬುವುದು ಕರಡಿಯ ಕೆಲಸ. ಬೇಸಿಗೆಗೆ ಮುಂಚೆ ಚಕ್ರ ಬಿಚ್ಚಿ, ಚಕ್ರ ಸರಾಗವಾಗಿ ತಿರುಗಲು ಒಳಗಿರುವ ಗುಂಡುಗಳ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬುವುದು ನರಿಯ ಕೆಲಸ. ನರಿಯೋ ಮಹಾ ಸೋಮಾರಿ, ಸಾಲದ್ದಕ್ಕೆ ಶೋಕಿ ಬೇರೆ. ಅದು ಚಕ್ರ ಬಿಚ್ಚಲೇ ಇಲ್ಲ. ಚಕ್ರದ ಮೇಲಿನ ಮುಚ್ಚಳಕ್ಕೆ ಚೂರು ಗ್ರೀಸು ಸವರಿತು. ಟ್ರೇಲರ್‌ನಲ್ಲಿರಬೇಕಾದ ಗ್ರೀಸಿನ ಡಬ್ಬಿಯನ್ನು ತನ್ನ ಗವಿಯಲ್ಲಿ ಬಚ್ಚಿಟ್ಟು, ದಿನಾ ಬಾಲಕ್ಕೆ ಹಚ್ಚಿಕೊಂಡು ಮೆರೆಯಿತು.

"ಕೆಲಸ ಆಯ್ತೇನೋ?" ಎಂದು ಕಾಡೆಮ್ಮೆ ಕೇಳಿದರೆ, "ಚಕ್ರ ಹೊಳೀತಿರೋದು ಕಾಣಲ್ವಾ ಅಕ್ಕಾ?" ಎನ್ನುತ್ತಿತ್ತು. ಪಾಪ, ಕಾಡೆಮ್ಮೆ ನಂಬಿತು.

ಒಂದು ಮಧ್ಯಾಹ್ನ ಹೊಳೆಗೆ ಹೋಗುವಾಗ ಅರ್ಧ ದಾರಿಯಲ್ಲಿ ಚಕ್ರ ಗೊರಗೊರ ಎಂದಿತು. ಕರಡಿ ಮುಟ್ಟಿ ನೋಡಿ ಕೈ ಹಿಂದೆಳೆದುಕೊಂಡಿತು. "ಅಯ್ಯಪ್ಪಾ, ಕೆಂಡ!"

ಜೊತೆಗೆ ಬರುತ್ತಿದ್ದ ನರಿ ಓಡಿ ಅಡ್ಡ ಬಂತು. ಬಿಚ್ಚಿದರೆ ತನ್ನ ಬಂಡವಾಳ ಬಯಲಾಗುತ್ತದಲ್ಲ! "ಹಳೇ ಗಾಡಿ ಅಕ್ಕಾ, ಹಂಗೇ ಸದ್ದು ಮಾಡತ್ತೆ. ನಡಿ, ನಡಿ."

"ಇನ್ನೊಂದು ಹೆಜ್ಜೆ ಇಡಲ್ಲ," ಎಂದಿತು ಕಾಡೆಮ್ಮೆ. "ಬೇರಿಂಗ್ ಕಚ್ಚಿಕೊಂಡು ಚಕ್ರ ನಿಂತ್ರೆ ಬೇಸಿಗೆ ಪೂರ್ತಿ ಮರಿಗಳಿಗೆ ನೀರಿಲ್ಲ. ಕರಡಿಯಣ್ಣ, ಬಿಚ್ಚು."

ಕರಡಿ ಟ್ರೇಲರ್ ಅಡಿಗೆ ಬಂಡೆ ಕೊಟ್ಟು ಚಕ್ರ ಬಿಚ್ಚಿತು. ಒಳಗಿನ ಹಳೆಯ ಗ್ರೀಸು ಕರ್ರಗೆ ಒಣಗಿಹೋಗಿತ್ತು. ಕರಡಿ, ಕಾಡೆಮ್ಮೆ ಎರಡೂ ತಿರುಗಿ ನರಿಯ ಬಾಲ ನೋಡಿದವು. ಅದು ಫಳಫಳ ಹೊಳೆಯುತ್ತಿತ್ತು.

ಅಷ್ಟರಲ್ಲಿ ಗಿಳಿ ಹಾರಿಬಂತು. "ನರಿಯಣ್ಣಾ, ನಿನ್ನ ಕಿರಿ ಮರಿ ನೀರು ನೀರು ಅಂತ ಕಣ್ಣು ಮುಚ್ತಿದೆ!"

ನರಿಯ ಜಂಬವೆಲ್ಲ ಇಳಿದುಹೋಯಿತು. "ತಪ್ಪಾಯ್ತು ಅಕ್ಕಾ. ಡಬ್ಬಿ ನನ್ನ ಗವೀಲಿದೆ," ಎಂದು ಬಿಸಿಲಲ್ಲಿ ಬಿದ್ದಂಬೀಳ ಓಡಿತು. ಗವಿಯಲ್ಲಿ ಅಪ್ಪನ ಬಾಯಲ್ಲಿ ಡಬ್ಬಿ ಕಂಡು ಮರಿ ತಲೆಯೆತ್ತಿತು.

"ನೀರಾ ಅಪ್ಪಾ?"

ನರಿ ಡಬ್ಬಿ ಕಚ್ಚಿಕೊಂಡು ಟ್ರೇಲರ್ ಬಳಿಗೆ ವಾಪಸ್ ಓಡಿತು. ಬೇರಿಂಗನ್ನು ಟ್ರೇಲರ್‌ನಲ್ಲಿದ್ದ ಸೀಮೆಎಣ್ಣೆಯಲ್ಲಿ ತಾನೇ ತೊಳೆಯಿತು, ಒರೆಸಿತು, ಅಂಗೈಯಲ್ಲಿ ಗ್ರೀಸು ಇಟ್ಟುಕೊಂಡು ಗುಂಡುಗಳ ಸಂದಿಗೆ ಒತ್ತಿ ಒತ್ತಿ ತುಂಬಿತು. ಕಾಡೆಮ್ಮೆ ಪಕ್ಕದಲ್ಲೇ ನಿಂತಿತ್ತು. "ಅವಸರ ಬೇಡ. ಒಳಗಿನವರೆಗೂ ಹೋಗ್ಲಿ."

ಚಕ್ರ ಸದ್ದಿಲ್ಲದೆ ತಿರುಗಿತು. ಸಂಜೆಯ ಹೊತ್ತಿಗೆ ಹೊಳೆಯ ನೀರು ಗವಿ ತಲುಪಿತು. ಮರಿ ಹೊಟ್ಟೆ ತುಂಬ ಕುಡಿದು ಕಣ್ಣರಳಿಸಿತು. ಓಡಾಟದಲ್ಲಿ ನರಿಯ ಜಿಡ್ಡು ಬಾಲಕ್ಕೆ ದಾರಿಯ ಧೂಳೆಲ್ಲ ಮೆತ್ತಿಕೊಂಡಿತ್ತು.

"ಅಪ್ಪಾ, ನಿನ್ನ ಬಾಲ ಯಾಕಿಷ್ಟು ಗಲೀಜು?"

ನರಿ ಮುಖ ತಿರುಗಿಸಿ, ಖಾಲಿಯಾದ ಡಬ್ಬಿಯನ್ನು ಟ್ರೇಲರ್‌ನಲ್ಲಿ ಅದರ ಜಾಗದಲ್ಲೇ ಇಟ್ಟುಬಂತು.

ನೀತಿ: ಕಣ್ಣಿಗೆ ಕಾಣದ ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮಾಡಬೇಕು, ಅಲ್ಲಿ ಮಾಡಿದ ಮೋಸ ಕೊನೆಗೆ ನಮ್ಮ ಮನೆಯವರನ್ನೇ ತಟ್ಟುತ್ತದೆ.